ಹದ ಬಲ್ಲವರ ಮನೆಗಳಲ್ಲಿ ಒಂದು ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮನೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 31 ವರ್ಷ ದುಡಿದರು. ಮೂರು ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಅವರು ಬಂದು ಮಲಗುವ ಹೊತ್ತಿಗೆ ನನಗೆ ಬೆಳಗಾಗಿರುತ್ತಿತ್ತು. ಇಬ್ಬರೂ ಸೇರಿ ಒಂದು ಇಡೀ ದಿನ ಎಲ್ಲಿಗಾದರೂ ಹೋಗಿದ್ದು ಕಡಿಮೆಯೇ. ನಿವೃತ್ತಿ ಆದ ಮೇಲೆ ಬಂದ ಮೊದಲ ಮದುವೆ ದಿನಕ್ಕೆ, "ಎಲ್ಲಿಗೆ ಹೋಗೋಣ, ಹೇಳು" ಅಂದರು. "ನಾವು ದಿನಾ ತಿನ್ನೋದನ್ನ ಎಲ್ಲಿ ಮಾಡ್ತಾರೋ ಅಲ್ಲಿಗೆ ಕರ್ಕೊಂಡು ಹೋಗಿ" ಅಂದೆ. ನನಗೆ ದೇವಸ್ಥಾನ, ಜಲಪಾತ ಎಲ್ಲ ಬೇಡವಾಗಿತ್ತು. ಕೆಲಸ ನಡೆಯುವ ಜಾಗ ಬೇಕಿತ್ತು.

ಸಂಕ್ರಾಂತಿ ಕಳೆದು ಒಂದು ವಾರ. ಬೆಳಿಗ್ಗೆ ಆರಕ್ಕೆ ಶಿವಮೊಗ್ಗ ಬಿಟ್ಟೆವು. ಆಯನೂರು, ಕುಂಸಿ ದಾಟಿ ಆನಂದಪುರದ ತನಕ ರಸ್ತೆ ತುಂಬಾ ಇಬ್ಬನಿ. ಸಾಗರದಲ್ಲಿ ಒಂದು ಸಣ್ಣ ಹೋಟೆಲ್ಲಿನಲ್ಲಿ ಬಿಸಿ ಕಡುಬು, ಕಾಯಿ ಚಟ್ನಿ ತಿಂದು ಸೀದಾ ನಮ್ಮ ದೊಡ್ಡಪ್ಪನ ಮಗನ ಮನೆಗೆ ಹೋದೆವು. ಊರು ಸಾಗರದಿಂದ ಸ್ವಲ್ಪ ಒಳಗೆ.

ಅಣ್ಣನ ಮನೆಯಲ್ಲಿ ಆ ವರ್ಷದ ಕಡೇ ಕೊಯ್ಲಿನ ಅಡಿಕೆ ಬೇಯುತ್ತಿತ್ತು. ಮಲೆನಾಡಿನಲ್ಲಿ ಇದೂ ಒಂದು ಕಾರ್ಖಾನೆಯೇ. ಆದರೆ ಅಂಗಳದಲ್ಲೇ ಇರುತ್ತದೆ, ಬೋರ್ಡು ಇರುವುದಿಲ್ಲ, ಅಷ್ಟೇ. ಒಂದು ಕಡೆ ಸುಲಿಯುವ ಯಂತ್ರ ಸದ್ದು ಮಾಡುತ್ತಿತ್ತು. ಪಕ್ಕದಲ್ಲೇ ಇಬ್ಬರು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಕೈಯಲ್ಲೇ ಸುಲಿಯುತ್ತಿದ್ದರು. ಕಾಯನ್ನು ಕತ್ತಿಗೆ ಒತ್ತಿ ಒಂದು ಸಲ ತಿರುವಿದರೆ ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಬೆರಳ ತುದಿಗಳೆಲ್ಲ ಕಪ್ಪು. ಎಷ್ಟು ತೊಳೆದರೂ ಸೀಸನ್ ಮುಗಿಯುವ ತನಕ ಆ ಕಪ್ಪು ಹೋಗುವುದಿಲ್ಲ ಅಂದರು.

ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುತ್ತಾರೆ. ಚೊಗರು ಅಂದರೆ ಹಿಂದಿನ ಸಲ ಅಡಿಕೆ ಬೇಯಿಸಿದ ನೀರು, ಕುದ್ದು ಕುದ್ದು ಗಟ್ಟಿಯಾದದ್ದು. ಕೆಂಪಡಿಕೆಗೆ ಬಣ್ಣ, ಹೊಳಪು ಕೊಡುವುದು ಅದೇ. ನಮ್ಮನೆಯವರು ಹಂಡೆ ಹತ್ತಿರ ಹೋಗಿ, "ಬೆಂದಿದ್ದು ಹೇಗೆ ಗೊತ್ತಾಗುತ್ತೆ? ಟೈಮ್ ಎಷ್ಟು ಇಡ್ತೀರಿ?" ಅಂತ ಕೇಳಿದರು. ಅಣ್ಣ ಸೌಟಿನಲ್ಲಿ ಒಂದು ಅಡಿಕೆ ತೆಗೆದು ಅಂಗೈ ಮೇಲೆ ಹೊರಳಿಸಿ ತೋರಿಸಿದ. "ಟೈಮಲ್ಲ ಭಾವ, ಇಲ್ಲಿ ನೋಡಿ. ಕಣ್ಣು ಬಿಟ್ಟಿದೆ." ಅಡಿಕೆಯ ಬುಡದಲ್ಲಿ ಮೊಳಕೆ ಇರುವ ಜಾಗವೇ ಅದರ ಕಣ್ಣು. ಸರಿಯಾಗಿ ಬೆಂದಾಗ ಅದು ಉದುರಿ ಅಲ್ಲೊಂದು ಸಣ್ಣ ಕುಳಿ ಉಳಿಯುತ್ತದೆ. ಅದೇ ಹದ.

ನಮ್ಮನೆಯವರು ಆ ಅಡಿಕೆ ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಹೇಳಿದರು: "ನಮ್ಮಲ್ಲೂ ಹಿಂಗೇ ಇತ್ತು. ಹಳಬರು ನೀಲಿ ಗಾಜು ಹಿಡಿದು ಕುಲುಮೆ ಒಳಗೆ ನೋಡೋರು. ಬಣ್ಣ ನೋಡೇ, ಇನ್ನು ಇಷ್ಟು ಹೊತ್ತು ಬೇಕು ಅಂತಿದ್ರು." ಭದ್ರಾವತಿಯ ಆ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದು 1923ರಲ್ಲಿ. ಆಗ ಅದಕ್ಕೆ ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಇಷ್ಟು ವರ್ಷ ಮನೆಯಲ್ಲಿ ಕೆಲಸದ ಮಾತೇ ಆಡದ ಮನುಷ್ಯ ಅಡಿಕೆ ಹಂಡೆ ಮುಂದೆ ನಿಂತು ಇಷ್ಟನ್ನೂ ಹೇಳಿದರು. ನಾನು ಮಧ್ಯೆ ಮಾತಾಡಲಿಲ್ಲ.

ಹೊರಡುವಾಗ ಅಣ್ಣ ಇನ್ನೊಂದು ಮಾತು ಹೇಳಿದ. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು 12ರಿಂದ 14 ಕೆಜಿ. ಅದರಲ್ಲೂ ಈಗ ಎಲೆಚುಕ್ಕೆ ರೋಗದ ಕಾಟ. ತೋಟದ ಕಡೆ ಕೈ ತೋರಿಸಿದ. ದೂರದಿಂದಲೇ ಹಳದಿ ಬಿದ್ದ ಸೋಗೆ ಕಾಣುತ್ತಿತ್ತು. ಆ ಹಳದಿ ನೋಡಿ ನನಗೆ ಹೊಟ್ಟೆ ಉರಿಯಿತು.

ಅಲ್ಲಿಂದ ಆಲೆಮನೆಗೆ. ದಾರಿ ಕೇಳಬೇಕಾಗಲೇ ಇಲ್ಲ, ವಾಸನೆಯೇ ಕರೆದುಕೊಂಡು ಹೋಯಿತು. ಮೊದಲು ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದರು, ಈಗ ಇಂಜಿನ್ ಇದೆ. ಮಲೆನಾಡಿನವರು ಕಬ್ಬಿನ ರಸ ಅನ್ನುವುದು ಕಡಿಮೆ, ಕಬ್ಬಿನ ಹಾಲು ಅನ್ನುತ್ತಾರೆ. ನಿಂಬೆಹಣ್ಣು, ಶುಂಠಿ ಹಿಂಡಿದ ಹಾಲು ಒಂದೊಂದು ಲೋಟ ಕುಡಿದೆವು. ಜೊತೆಗೆ ಖಾರದ ಮಂಡಕ್ಕಿ. ಕುಡಿದಷ್ಟೂ ಕೊಡುತ್ತಾರೆ. ಆಲೆಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಇಲ್ಲ.

ಕೊಪ್ಪರಿಗೆ ಮುಂದೆ ಒಬ್ಬರು ಹಿರಿಯರು ನಿಂತಿದ್ದರು. ಮೊದಲು ಹಾಲು ಕಾದು ಮೇಲೆ ಕೊಳೆ ಬರುತ್ತದೆ, ಅದನ್ನು ತೆಗೆದು ತೆಗೆದು ಎಸೆಯುತ್ತಾರೆ. ಆಮೇಲೆ ಬಿಳಿ ನೊರೆ ಉಕ್ಕುತ್ತದೆ. ಆಮೇಲೆ ನೊರೆ ತಗ್ಗಿ, ಗುಳ್ಳೆಗಳು ದಪ್ಪವಾಗಿ, ಕುದಿಯುವ ಸದ್ದೇ ಬದಲಾಗುತ್ತದೆ. ಮೊದಲು ಸಳಸಳ ಅನ್ನುತ್ತಿದ್ದದ್ದು ಈಗ ಲೊಟ್ ಲೊಟ್ ಅನ್ನುತ್ತದೆ. ಅವರು ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬಿದ ಹಾಗಿತ್ತು. ನಮ್ಮ ಜೊತೆ ಮಾತಾಡುತ್ತಿದ್ದವರು ನಡುವೆ ಥಟ್ಟನೆ ತಿರುಗಿ "ಉರಿ ತೆಗೀ" ಅಂತ ಕೂಗಿದರು. ಹುಡುಗರು ಒಲೆಯಿಂದ ಸೌದೆ ಎಳೆದರು. ಸೌಟು ಎತ್ತಿ ಹಿಡಿದರೆ ಬೆಲ್ಲ ತುದಿಯಲ್ಲಿ ಒಂದು ಗಳಿಗೆ ನಿಂತು, ನಿಧಾನಕ್ಕೆ ಎಳೆ ಎಳೆಯಾಗಿ ಇಳಿಯಿತು. ಅದು ಜೋನಿಬೆಲ್ಲ. ಇನ್ನೂ ಸ್ವಲ್ಪ ಕಾಯಿಸಿದರೆ ಗಟ್ಟಿಯಾಗಿ ಅಚ್ಚಿನ ಬೆಲ್ಲ ಆಗುತ್ತದೆ. ಎರಡಕ್ಕೂ ಇರುವ ಅಂತರ ಕೆಲವೇ ನಿಮಿಷ.

ಬಾಳೆ ಎಲೆ ಚೂರಿನ ಮೇಲೆ ಬಿಸಿಬಿಸಿ ಹಾಕಿ ಕೊಟ್ಟರು. ಅಂಗಡಿ ಬೆಲ್ಲದಲ್ಲಿ ಬರೀ ಸಿಹಿ ಇರುತ್ತದೆ. ಇದರಲ್ಲಿ ಮೊದಲು ಹೊಗೆ, ಆಮೇಲೆ ಒಂದು ಚೂರು ಉಪ್ಪು, ಕೊನೆಗೆ ಸಿಹಿ. ಸಣ್ಣ ಡಬ್ಬದಲ್ಲಿ ಸ್ವಲ್ಪ ಕೊಂಡೆವು.

ಮಧ್ಯಾಹ್ನದ ಊಟ ಮತ್ತೆ ಅಣ್ಣನ ಮನೆಯಲ್ಲೇ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಅತ್ತಿಗೆ ಬಡಿಸಿದ ಮಿಡಿ ಉಪ್ಪಿನಕಾಯಿ ಮೂರು ವರ್ಷದ್ದು. ಕಚ್ಚಿದರೆ ಇನ್ನೂ ಕಟುಂ ಅನ್ನುತ್ತಿತ್ತು. ಹೊಳೆ ದಂಡೆಯ ಅಪ್ಪೆಮಿಡಿ ಅದು. ಮರ ಹತ್ತಿ ತೊಟ್ಟು ಸಮೇತ ಕೊಯ್ಯಬೇಕು, ಕೆಳಗೆ ಬಿದ್ದು ಪೆಟ್ಟಾದ ಮಿಡಿ ಬಾಳಿಕೆ ಬರುವುದಿಲ್ಲ. ತೊಟ್ಟು ಮುರಿದಾಗ ಬರುವ ಸೊನೆಯ ಪರಿಮಳ ನೋಡಿಯೇ ಮರಗಳಿಗೆ ಬೆಲೆ. ಜೀರಿಗೆ ಪರಿಮಳದ ಮರ ಯಾರ ಜಾಗದಲ್ಲಿದೆ ಅಂತ ಊರಿಗೆಲ್ಲ ಗೊತ್ತಿರುತ್ತದೆ.

ಸಂಜೆ ಪಕ್ಕದ ಮನೆಗೆ ಹೋದೆವು. ಅಲ್ಲಿನ ಅಮ್ಮ ತೊಡೆದೇವು ಮಾಡಿ ಮಾರುತ್ತಾರೆ. ತೊಡೆಯುವುದು ಅಂದರೆ ಸವರುವುದು. ಒಲೆ ಮೇಲೆ ಮಡಕೆ ಬೋರಲು ಹಾಕಿರುತ್ತಾರೆ. ಅಕ್ಕಿಯ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿ, ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಸಲ ಎಳೆಯುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಹಿಟ್ಟು ಒಣಗಿ, ಅಂಚು ತಾನಾಗಿ ಏಳುತ್ತದೆ. ಬಿಸಿ ಇದ್ದಾಗಲೇ ಮಡಚಬೇಕು, ಆರಿದರೆ ಪುಡಿ. ದೀಪಕ್ಕೆ ಹಿಡಿದರೆ ಆ ಕಡೆಯ ಬೆಳಕು ಕಾಣುತ್ತದೆ, ಅಷ್ಟು ತೆಳು.

ನಾನೂ ಕೋಲು ಹಿಡಿದೆ. ಮೂರು ಹರಿದವು. ನಾಲ್ಕನೆಯದು ಮಡಕೆಗೇ ಅಂಟಿತು. "ಕೈ ಹೆದರಬಾರದು ತಂಗಿ" ಅಂದರು ಆ ಅಮ್ಮ. ಮಗಳು ಬೆಂಗಳೂರಿನಲ್ಲಿ ಇದ್ದಾಳೆ, ಸೊಸೆಗೆ ಆಫೀಸು. ಊರಲ್ಲಿ ಈಗ ಇದನ್ನು ಮಾಡುವವರು ಅವರು ಮತ್ತು ಇನ್ನೊಬ್ಬರು, ಇಬ್ಬರೇ. ಅದನ್ನು ಅವರು ದುಃಖದಿಂದೇನೂ ಹೇಳಲಿಲ್ಲ. ಆದರೆ ನನಗೆ ಮಾತ್ರ ಗಂಟಲು ಕಟ್ಟಿತು. ಕಲಿಯೋಕೆ ಮತ್ತೆ ಬರ್ತೀನಿ ಅಂತ ಹೇಳಿ ಬಂದಿದ್ದೇನೆ. ಮುಂದಿನ ಕಬ್ಬಿನ ಸೀಸನ್ನಿಗೆ ಖಂಡಿತ ಹೋಗುತ್ತೇನೆ.

ಶಿವಮೊಗ್ಗಕ್ಕೆ ವಾಪಸ್ ಬರುವಾಗ ಕತ್ತಲಾಗಿತ್ತು. ಬೆಲ್ಲದ ಡಬ್ಬ ನನ್ನ ತೊಡೆ ಮೇಲೆ. ದಾರಿಯುದ್ದಕ್ಕೂ ನಮ್ಮನೆಯವರು ಕುಲುಮೆಯ ವಿಷಯ ಹೇಳುತ್ತಲೇ ಇದ್ದರು. ರಾತ್ರಿ ಪಾಳಿಯಲ್ಲಿ ಕರಗಿದ ಕಬ್ಬಿಣ ಹರಿಯುವಾಗ ಎಲ್ಲರ ಮುಖವೂ ಹೇಗೆ ಕೆಂಪಗೆ ಕಾಣುತ್ತಿತ್ತು, ಯಾರು ಹಾಡು ಹೇಳುತ್ತಿದ್ದರು, ಯಾರು ಬುತ್ತಿ ಹಂಚುತ್ತಿದ್ದರು, ಎಲ್ಲ.

ಮಾರನೇ ದಿನ ಬೆಳಿಗ್ಗೆ ಜೋನಿಬೆಲ್ಲಕ್ಕೆ ಜೊತೆಯಾಗಲಿ ಅಂತ ತೆಳ್ಳೇವು ಹೊಯ್ಯುತ್ತಿದ್ದೆ. ಅವರು ಪೇಪರ್ ಬಿಟ್ಟು ಅಡುಗೆಮನೆಗೆ ಬಂದು ಕಾವಲಿ ಪಕ್ಕ ನಿಂತರು. ಅಂಚು ಸ್ವಲ್ಪ ಕೆಂಪಾಗುವ ತನಕ ನೋಡಿದರು.

"ಈಗ ತೆಗಿ" ಅಂದರು.

ನಮಸ್ಕಾರ.