ಆ ನಾಲ್ಕು ಜನ ಯಾರು?

[ನೇರವಾಗಿ ಕ್ಯಾಮೆರಾ ನೋಡುತ್ತಾ]

43ನೇ ವಯಸ್ಸಿನಲ್ಲಿ ನಾನು ಅಕೌಂಟ್ಸ್ ಕೆಲಸ ಬಿಟ್ಟು ವಿಡಿಯೋ ಎಡಿಟಿಂಗ್ ಕಲಿಯಲು ಸೇರಿಕೊಂಡೆ. ಮೊದಲ ದಿನ ಕ್ಲಾಸಿನ ಬಾಗಿಲು ತೆಗೆದರೆ, ಹರಟೆ ಹೊಡೆಯುತ್ತಿದ್ದ ಹುಡುಗರೆಲ್ಲ ದಡಬಡ ಎದ್ದು 'ಗುಡ್ ಮಾರ್ನಿಂಗ್ ಸರ್' ಅಂದರು. ನನ್ನನ್ನೇ ಮೇಷ್ಟ್ರು ಅಂದುಕೊಂಡಿದ್ದರು! ಸುಮ್ನೆ ಹೋಗಿ ಕೊನೆ ಬೆಂಚಿನಲ್ಲಿ ಕೂತೆ. ಆಗ ಎದ್ದ ನಗು ಇನ್ನೂ ಕಿವಿಯಲ್ಲಿದೆ.

ಅದಕ್ಕೂ ಮೊದಲು ನೆಂಟರ ಮಾತು ಬೇರೆ. 'ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ? ನಾಲ್ಕು ಜನ ಏನಂತಾರೆ?' ಇವತ್ತು ಆ ನಾಲ್ಕು ಜನರನ್ನೇ ಹುಡುಕೋಣ ಬನ್ನಿ.

[ಸ್ಕ್ರೀನ್ ಮೇಲೆ: ಒಂದು ಟೀ ಶರ್ಟ್]

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ ಗಾಯಕ ಬ್ಯಾರಿ ಮ್ಯಾನಿಲೋ ಚಿತ್ರವಿದ್ದ ಟೀ ಶರ್ಟ್ ಹಾಕಿಸುವುದು. ಆ ವಯಸ್ಸಿನವರಿಗೆ ಅದು ನಾಚಿಕೆ ತರುವ ಶರ್ಟ್. ಹಾಗೇ ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿ, ಸ್ವಲ್ಪ ಹೊತ್ತಿಗೆ ಹೊರಗೆ ಕರೆದು, 'ಎಷ್ಟು ಜನ ನಿನ್ನ ಶರ್ಟ್ ಗಮನಿಸಿರಬಹುದು?' ಅಂತ ಕೇಳುವುದು. ಸುಮಾರು ಅರ್ಧದಷ್ಟು ಜನ ಅಂತ ಉತ್ತರ ಬಂತು. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟು ಮಾತ್ರ.

ಅಂದರೆ, ನಾಲ್ಕು ಜನರಲ್ಲಿ ಇಬ್ಬರು ನೋಡುತ್ತಾರೆ ಅಂದುಕೊಂಡರೆ ನೋಡಿದ್ದು ಒಬ್ಬರು! ಉಳಿದ ಮೂವರು ತಮ್ಮ ಶರ್ಟ್ ಚಿಂತೆಯಲ್ಲಿ ಇದ್ದರೋ ಏನೋ.

ಆದರೆ ಇಲ್ಲೊಂದು ತಕರಾರಿದೆ. ಆ ಕೋಣೆಯವರು ನೆಂಟರಲ್ಲ. ನೆಂಟರು ನೋಡುತ್ತಾರೆ, ಮಾತೂ ಆಡುತ್ತಾರೆ. ಬರ್ನಿಸ್ ನ್ಯೂಗಾರ್ಟನ್ ಎಂಬ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲೇ ಇದನ್ನು ಗಮನಿಸಿ 'ಸಾಮಾಜಿಕ ಗಡಿಯಾರ' ಅಂದರು. ಇಷ್ಟು ವಯಸ್ಸಿಗೆ ಓದು, ಇಷ್ಟಕ್ಕೆ ಕೆಲಸ, ಇಷ್ಟಕ್ಕೆ ಮದುವೆ. ಎಲ್ಲರ ತಲೆಯಲ್ಲೂ ಅದು ಟಿಕ್ ಟಿಕ್ ಅನ್ನುತ್ತಿರುತ್ತದೆ. ನಿಮ್ಮ ಮುಳ್ಳು ಹಿಂದಕ್ಕೆ ತಿರುಗಿದರೆ ಅವರಿಗೆ ಗಲಿಬಿಲಿ. ಕೊಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಬರಿಯೇ ಇರುತ್ತದೆ ಅಂತ ನನಗನ್ನಿಸುತ್ತದೆ.

ನನ್ನ ಮಟ್ಟಿಗೆ ಲೆಕ್ಕಕ್ಕೆ ಬರುವವರು, ನನ್ನ ಸಂಬಳ ನಿಂತರೆ ಕಷ್ಟಕ್ಕೆ ಬೀಳುವವರು. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. 'ಎಷ್ಟು ತಿಂಗಳಿಗೆ ಆಗುವಷ್ಟು ದುಡ್ಡಿದೆ ರೀ?' ಇದು ಕೊಂಕಲ್ಲ, ಕೇಳಲೇಬೇಕಾದ ಮಾತು. ಅದಕ್ಕೆ ಉತ್ತರ ಕೂಡಿಸಲು ನನಗೆ ಒಂದು ವರ್ಷ ಹಿಡಿಯಿತು. ನಾಳೆಯೇ ರಾಜೀನಾಮೆ ಬಿಸಾಕಿ ಬನ್ನಿ ಅನ್ನುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ.

[ಸ್ಕ್ರೀನ್ ಮೇಲೆ: ಲಂಡನ್ ಬೀದಿಗಳ ನಕ್ಷೆ]

ಇನ್ನು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನುವ ಗಾದೆ. ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸಲು ಸುಮಾರು 25,000 ಬೀದಿಗಳು ಬಾಯಿಪಾಠ ಆಗಬೇಕು. ಮೂರು ನಾಲ್ಕು ವರ್ಷದ ಕೆಲಸ. 2011ರ ಒಂದು ಅಧ್ಯಯನ ಹೀಗೆ ಕಲಿಯಲು ಬಂದ 79 ಮಂದಿಯನ್ನು ಹಿಂಬಾಲಿಸಿತು. ಎಲ್ಲರೂ ದೊಡ್ಡವರೇ. ಪಾಸಾದವರು 39 ಮಂದಿ. ಅವರ ಮೆದುಳಿನಲ್ಲಿ ದಾರಿ ನೆನಪಿಡುವ ಹಿಪ್ಪೋಕ್ಯಾಂಪಸ್ ಭಾಗದ ಹಿಂದಿನ ತುದಿ ಮೊದಲಿಗಿಂತ ಬೆಳೆದಿತ್ತು. ಪಾಸಾಗದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಮರ ಬಗ್ಗುತ್ತದೆ ಕಣ್ರೀ, ಆದರೆ ಪುಕ್ಕಟೆಯಾಗಿ ಅಲ್ಲ.

ನಿಧಾನ ಆಗುವುದಂತೂ ನಿಜ. ಹುಡುಗರು ಒಂದೇ ದಿನದಲ್ಲಿ ಕಲಿತ ಕೀಬೋರ್ಡ್ ಶಾರ್ಟ್‌ಕಟ್‌ಗಳಿಗೆ ನನಗೆ ಎರಡು ವಾರ ಬೇಕಾಯಿತು. ಮಾನಿಟರ್ ಸುತ್ತ ಹಳದಿ ಚೀಟಿ ಅಂಟಿಸಿಕೊಂಡಿದ್ದೆ. ಪಕ್ಕದ ಹುಡುಗ 'ಅಂಕಲ್, ಸ್ಕ್ರೀನ್ ಎಲ್ಲಿ?' ಅಂತ ಕೇಳಿದ್ದ.

ಅಂಥ ದಿನಗಳಲ್ಲಿ ನಾನು ನೆನೆಸಿಕೊಳ್ಳುತ್ತಿದ್ದದ್ದು ಕೆನ್ಯಾದ ಕಿಮಾನಿ ಮಾರೂಗೆ ಅವರನ್ನು. ಅಲ್ಲಿ 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಮರುವರ್ಷ ಈ ಅಜ್ಜ 84ನೇ ವಯಸ್ಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿದರು. ಬೈಬಲ್ ಅನ್ನು ತಾವೇ ಓದಬೇಕು ಅನ್ನುವ ಆಸೆ. ಸುತ್ತ ಪುಟಾಣಿ ಮಕ್ಕಳು, ನಡುವೆ ಯೂನಿಫಾರ್ಮ್ ಹಾಕಿಕೊಂಡ ಅಜ್ಜ. ಮರುವರ್ಷವೇ ಮೊದಲ ಸಲ ವಿಮಾನ ಹತ್ತಿ, ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯಲ್ಲಿ ಉಚಿತ ಶಿಕ್ಷಣದ ಪರವಾಗಿ ಮಾತಾಡಿದರು.

ಅಂದಹಾಗೆ, ಈ ವಿಡಿಯೋ ಎಡಿಟ್ ಮಾಡಿದ್ದು ನಾನೇ. ಟೀ ಶರ್ಟ್ ಕಥೆ ಹೇಳುವಾಗ ಒಂದು ಕಟ್ ಸ್ವಲ್ಪ ಜಿಗಿದಿದೆ. ನೀವು ಗಮನಿಸಿರಲಿಲ್ಲ, ಅಲ್ವಾ?