ಇಪ್ಪತ್ತನಾಲ್ಕು ಗಂಟೆ, ನಾಲ್ಕು ಕೋಣೆ, ಒಂದು ಕಾರು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿಗೆ ಸ್ಟೀರಿಂಗ್ ಚಕ್ರ ಮತ್ತು ಪೆಡಲ್‌ಗಳನ್ನು ಜೋಡಿಸಿಕೊಂಡು, ಅಸಲಿ ಟ್ರ್ಯಾಕ್‌ಗಳ ಅಳತೆಗೇ ಕಟ್ಟಿದ ಪ್ರತಿರೂಪಗಳ ಮೇಲೆ ನಡೆಸುವ ರೇಸಿಗೆ ಸಿಮ್ ರೇಸಿಂಗ್ ಅನ್ನುತ್ತಾರೆ. ಅದರಲ್ಲಿ ಎಂಡ್ಯೂರೆನ್ಸ್ ಎಂಬ ಬಗೆಯ ಗತ್ತೇ ಬೇರೆ. ಆರು ಗಂಟೆ, ಹನ್ನೆರಡು ಗಂಟೆ, ಕೆಲವು ಸಲ ಇಪ್ಪತ್ತನಾಲ್ಕು ಗಂಟೆ. ಕಾರು ಒಂದೇ, ಓಡಿಸುವವರು ಮೂವರೋ ನಾಲ್ವರೋ. ಅವರು ಕೂತಿರುವುದು ಬೇರೆ ಬೇರೆ ಊರಿನಲ್ಲಿ, ಎಷ್ಟೋ ಸಲ ಬೇರೆ ಬೇರೆ ಖಂಡದಲ್ಲಿ. ಇಂಥ ತಂಡಗಳು ವೇಗ ಸಾಲದೆ ಸೋಲುವುದು ಕಡಿಮೆ. ಹೆಚ್ಚಾಗಿ ಇಂಧನದ ಲೆಕ್ಕ ತಪ್ಪಿ, ಚಾಲಕ ಬದಲಾಗುವಾಗ ಎಡವಿ, ಇಲ್ಲವೇ ಒಂದು ತಂತಿ ಸಡಿಲವಾಗಿ ಸೋಲುತ್ತವೆ. ಇವತ್ತು ಆ ಸಂಗತಿಗಳ ಬಗ್ಗೆಯೇ ಮಾತಾಡೋಣ.

ಮೊದಲು ಇಂಧನ. ಉಳಿದ ಯೋಜನೆಯೆಲ್ಲ ಇದರ ಮೇಲೆ ನಿಂತಿದೆ. ಬೆಲ್ಜಿಯಂನ ಸ್ಪಾ ಟ್ರ್ಯಾಕನ್ನೇ ತೆಗೆದುಕೊಳ್ಳಿ, ಒಂದು ಸುತ್ತಿಗೆ 7.004 ಕಿಲೋಮೀಟರ್. ನಮ್ಮ ಜಿಟಿ3 ವರ್ಗದ ರೇಸ್ ಕಾರು ಲ್ಯಾಪಿಗೆ, ಅಂದರೆ ಒಂದು ಸುತ್ತಿಗೆ, ಸರಾಸರಿ 2 ನಿಮಿಷ 18 ಸೆಕೆಂಡು ತೆಗೆದುಕೊಳ್ಳುತ್ತದೆ, ಟ್ಯಾಂಕು 100 ಲೀಟರಿನದು, ಲ್ಯಾಪಿಗೆ 3.1 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಒಂದು ಟ್ಯಾಂಕಿಗೆ 32 ಲ್ಯಾಪು, ಅಂದರೆ ಸುಮಾರು 74 ನಿಮಿಷ. ಹೀಗೆ ಎರಡು ನಿಲುಗಡೆಗಳ ನಡುವಿನ ಓಟಕ್ಕೆ ಸ್ಟಿಂಟ್ ಅನ್ನುತ್ತಾರೆ. ಇಂಧನ, ಟೈರಿಗಾಗಿ ಟ್ರ್ಯಾಕಿನ ಪಕ್ಕದ ಪಿಟ್‌ನಲ್ಲಿ ನಿಲ್ಲುವ ಪ್ರತಿ ಸಲ 70 ಸೆಕೆಂಡು ಕಳೆದರೆ, 24 ಗಂಟೆ ಮುಗಿಯುವಾಗ 617ನೇ ಲ್ಯಾಪು ನಡೆದಿರುತ್ತದೆ, ಅದನ್ನೂ ಮುಗಿಸಬೇಕು. ಹತ್ತೊಂಬತ್ತು ಸ್ಟಿಂಟ್‌ಗೆ 608 ಮುಗಿಯುತ್ತದೆ. ಉಳಿದ ಒಂಬತ್ತು ಲ್ಯಾಪಿಗೋಸ್ಕರ ಇನ್ನೊಮ್ಮೆ ಪಿಟ್‌ಗೆ ಬರಬೇಕು! ತುಂಬಿಸುವುದು 28 ಲೀಟರೇ ಆದರೂ ಪಿಟ್ ಲೇನಿನ ವೇಗಮಿತಿಯಲ್ಲಿ ಹೋಗಿಬರುವುದು ಸೇರಿ 45 ಸೆಕೆಂಡಾದರೂ ಹೋಯಿತು.

ಆ ನಿಲುಗಡೆ ತಪ್ಪಿಸಲು ರೇಸಿಡೀ ಇಂಧನ ಉಳಿಸುತ್ತ ಕೂರುವ ತಂಡಗಳಿವೆ. ಅದು ಬೇಕಾಗಿಲ್ಲ. ಹತ್ತೊಂಬತ್ತರಲ್ಲಿ ಹತ್ತು ಸ್ಟಿಂಟ್‌ಗಳನ್ನು ಮಾತ್ರ 33 ಲ್ಯಾಪಿಗೆ ಎಳೆದರೆ ಒಟ್ಟು 618 ಆಗುತ್ತದೆ. ಆ ಹತ್ತರಲ್ಲಿ ಲ್ಯಾಪಿಗೆ 3.02 ಲೀಟರಿನಲ್ಲಿ ಮುಗಿಸಬೇಕು, ಟ್ಯಾಂಕಿನ ತಳದಲ್ಲಿ ಚೂರು ಉಳಿಯುತ್ತದೆ. ಇದಕ್ಕಾಗಿ ಲ್ಯಾಪಿಗೆ 0.1 ಸೆಕೆಂಡು ಬಿಟ್ಟುಕೊಟ್ಟರೂ 330 ಲ್ಯಾಪಿಗೆ ನಷ್ಟ 33 ಸೆಕೆಂಡು. 45ಕ್ಕಿಂತ ಕಡಿಮೆಯೇ. ಅದೇ 0.1 ಸೆಕೆಂಡನ್ನು ಎಲ್ಲ ಲ್ಯಾಪಿನಲ್ಲೂ ಬಿಟ್ಟುಕೊಟ್ಟರೆ ಒಂದು ನಿಮಿಷ ದಾಟುತ್ತದೆ. ಉಳಿಸಿದವನೇ ಆಗ ಹಿಂದೆ ಬೀಳುತ್ತಾನೆ.

ಉಳಿಸುವ ಜಾಗ ನೇರ ದಾರಿಯ ಕೊನೆ. ಸ್ಪಾದಲ್ಲಾದರೆ ಕೆಮ್ಮೆಲ್ ನೇರದ ತುದಿಯಲ್ಲಿ ಬ್ರೇಕ್ ಹಾಕುವ ಗುರುತಿಗಿಂತ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರನ್ನು ಉರುಳಲು ಬಿಡುವುದು. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಲು ಹಿಂಜರಿದರೆ ಮುಂದಿನ ನೇರದ ಉದ್ದಕ್ಕೂ ದಂಡ ತೆರಬೇಕಾಗುತ್ತದೆ. ಇನ್ನೊಂದು ಮಾತು. ಲ್ಯಾಪಿನ ಖರ್ಚನ್ನು ಒಬ್ಬನೇ ಓಡಿಸಿ ಅಳೆದು ನೆಚ್ಚಿಕೊಳ್ಳಬೇಡಿ. ಬೇರೆ ಕಾರಿನ ಬೆನ್ನಿಗೆ ಅಂಟಿಕೊಂಡು ಓಡುವಾಗ ಗಾಳಿಯ ತಡೆ ತಗ್ಗಿ ಖರ್ಚೂ ತಗ್ಗುತ್ತದೆ. ನಾಲ್ವರೂ ತುಂಬಿದ ಟ್ಯಾಂಕಿನಿಂದ ಪೂರ್ತಿ ಸ್ಟಿಂಟ್ ಓಡಿಸಿ, ನಾಲ್ವರ ಅಂಕಿಯನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಬೇಕು. ಒಂದೇ ವೇಗದ ಇಬ್ಬರು ಚಾಲಕರ ನಡುವೆಯೂ ಖರ್ಚು ಒಂದೇ ಇರುವುದಿಲ್ಲ.

ಈಗ ಚಾಲಕರ ಬದಲಾವಣೆ. ಕಾರು ತನ್ನ ಪಿಟ್ ಚೌಕದಲ್ಲಿ ಪೂರ್ತಿ ನಿಂತ ಮೇಲಷ್ಟೇ ಇದು ಸಾಧ್ಯ. ಐರೇಸಿಂಗ್ ಎಂಬ ಸಿಮ್‌ನಲ್ಲಿ ಓಡಿಸುತ್ತಿದ್ದವನು ಕಾರಿನಿಂದ ಇಳಿದ ಮೇಲೆ ಮುಂದಿನವನು ಗುಂಡಿ ಒತ್ತಿ ಹತ್ತಬೇಕು. ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ ಎಂಬ ಇನ್ನೊಂದು ಸಿಮ್‌ನಲ್ಲಿ ಪಿಟ್ ಮೆನುವಿನಲ್ಲೇ ಮುಂದಿನ ಚಾಲಕನ ಹೆಸರನ್ನು ಮೊದಲೇ ಆರಿಸಿಡಬೇಕು. ಮರೆತರೆ ಟೈರು ಇಂಧನ ಎಲ್ಲ ಆಗಿ, ದಣಿದವನೇ ಮತ್ತೆ ಹೊರಟಿರುತ್ತಾನೆ. ಹತ್ತುವವನು ಹದಿನೈದು ನಿಮಿಷ ಮೊದಲೇ ಸೀಟಿನಲ್ಲಿರಲಿ. ಪೆಡಲ್ ಒತ್ತಿ ಬ್ರೇಕಿನ ಪಟ್ಟಿ ಸೊನ್ನೆಯಿಂದ ನೂರಕ್ಕೆ ಹೋಗುತ್ತದೆಯೇ, ಸ್ಟೀರಿಂಗ್ ಮಧ್ಯಕ್ಕೆ ಬರುತ್ತದೆಯೇ ನೋಡಿಕೊಳ್ಳಲಿ. ಇಳಿಯುವವನು ಹೇಳಬೇಕಾದ್ದು ನಾಲ್ಕೇ ಮಾತು: ಬ್ರೇಕ್ ಬಯಾಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ಪ್ರಮಾಣ) ಎಷ್ಟಿದೆ, ಟೈರು ಹೊಸದೋ ಹಳೆಯದೋ, ಕಾರಿಗೆ ಪೆಟ್ಟು ಬಿದ್ದಿದೆಯೇ, ಹಿಂದೆ ಮುಂದೆ ಯಾರಿದ್ದಾರೆ. ರೇಸಿನ ಕಥೆ ಆಮೇಲೆ ಹೇಳಿಕೊಳ್ಳಬಹುದು.

ಸರದಿಯ ಪಟ್ಟಿಯಲ್ಲಿ ವೇಳೆಯನ್ನು ಯುಟಿಸಿಯಲ್ಲೇ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಜಾಗತಿಕ ವೇಳೆಯಲ್ಲೇ ಬರೆಯಿರಿ. ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅಲ್ಲೇ ಎಡವಟ್ಟು. ಎರಡು ಸ್ಟಿಂಟ್ ಒಟ್ಟಿಗೆ ಓಡಿಸಿದರೆ ಸುಮಾರು ಎರಡೂವರೆ ಗಂಟೆ. ಅದರಿಂದಾಚೆಗೆ ಗಮನ ಕುಂದುತ್ತದೆ. ಆದರೂ ಹೀಗೆ ಜೋಡಿಸಿದರೆ ಮಾತ್ರ ಪ್ರತಿಯೊಬ್ಬರಿಗೂ ನಾಲ್ಕು ಗಂಟೆ ಸತತ ನಿದ್ದೆ ಸಿಗುತ್ತದೆ. ಐರೇಸಿಂಗ್‌ನಲ್ಲಿ ಇನ್ನೊಂದು ಕಟ್ಟಳೆಯಿದೆ: ಪ್ರತಿ ಚಾಲಕ ಸಮಪಾಲಿನ ಕಾಲು ಭಾಗವಾದರೂ ಓಡಿಸಿರಬೇಕು. 617 ಲ್ಯಾಪಿಗೆ ನಾಲ್ವರೆಂದರೆ ತಲಾ 154, ಅದರ ಕಾಲು ಭಾಗ 39. ಅಂದರೆ 32 ಲ್ಯಾಪಿನ ಒಂದೇ ಸ್ಟಿಂಟ್ ಓಡಿಸಿ ಮಲಗಿದವನ ಪಾಲು ಮುಗಿದಿಲ್ಲ.

ಇನ್ನು ತಂತಿ, ವಿದ್ಯುತ್ತು, ಇಂಟರ್ನೆಟ್. 2023ರ ಜನವರಿಯಲ್ಲಿ ನಡೆದ ಲೆ ಮಾನ್ ವರ್ಚುವಲ್ 24 ಗಂಟೆ ರೇಸಿನಲ್ಲಿ ಫಾರ್ಮುಲಾ ಒನ್ ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ಮೊದಲ ಸ್ಥಾನದಲ್ಲಿದ್ದಾಗಲೇ ಸಂಪರ್ಕ ಕಡಿಯಿತು, ಕೊನೆಗೆ ರೇಸನ್ನೇ ಬಿಡಬೇಕಾಯಿತು. ರೇಸ್ ನಡೆಸುವ ಸರ್ವರ್ ನಮ್ಮ ಕೈಯಲ್ಲಿಲ್ಲ. ಮನೆ ಮಾತ್ರ ನಮ್ಮ ಕೈಯಲ್ಲಿದೆ. ವೈಫೈ ಬೇಡವೇ ಬೇಡ, ರೌಟರಿನಿಂದ ನೇರ ಕೇಬಲ್ ಎಳೆಯಿರಿ. ಇಂಟರ್ನೆಟ್ಟಿನ ವೇಗ ಎಷ್ಟಿದೆ ಎನ್ನುವುದಕ್ಕಿಂತ ಪಿಂಗ್, ಅಂದರೆ ಸರ್ವರಿಗೆ ಮಾಹಿತಿ ಹೋಗಿಬರಲು ಹಿಡಿಯುವ ವೇಳೆ, ಸ್ಥಿರವಾಗಿದೆಯೇ ಎನ್ನುವುದು ಮುಖ್ಯ. ಏಕೆಂದರೆ ಪಕ್ಕದ ಕಾರು ಈ ಕ್ಷಣ ಎಲ್ಲಿದೆ ಎಂಬುದು ನಿಮ್ಮ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ, ಹಿಂದಿನ ಮಾಹಿತಿಯಿಂದ ಅಂದಾಜು ಕಟ್ಟುತ್ತದೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ 100 ಮಿಲಿಸೆಕೆಂಡು ತಡವೆಂದರೆ ಸುಮಾರು 7 ಮೀಟರ್. ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ! ತೆರೆಯ ಮೇಲೆ ತಾಗದ ಕಾರು ನಿಮ್ಮನ್ನು ತಳ್ಳಿಹಾಕುವುದು ಇದರಿಂದಲೇ. ಪಿಂಗ್ ಏರಿಳಿಯುತ್ತಿರುವ ಕಾರಿನ ಪಕ್ಕಕ್ಕೆ ಹೋಗುವಾಗ ಇನ್ನೊಂದು ಅಡಿ ಜಾಗ ಬಿಡಿ.

ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದನ್ನು ರೇಸ್ ಮುಗಿಯುವ ತನಕ ತಡೆಹಿಡಿಯಿರಿ. ಯುಎಸ್‌ಬಿ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಿಬಿಡಿ, ಇಲ್ಲದಿದ್ದರೆ ಅದು ಪೆಡಲ್‌ಗಳನ್ನೇ ನಿದ್ದೆಗೆ ಕಳಿಸೀತು. ಕಂಪ್ಯೂಟರಿಗೆ ಯುಪಿಎಸ್ ಹಾಕಿ ರೌಟರನ್ನು ಮರೆಯುವವರೇ ಹೆಚ್ಚು. ಕರೆಂಟು ಹೋದಾಗ ಎರಡೂ ಉಳಿದರೆ ಮಾತ್ರ ಪಿಟ್ ತನಕ ಬಂದು ಕಾರನ್ನು ಜೊತೆಗಾರನಿಗೆ ಒಪ್ಪಿಸಬಹುದು.

ರಾತ್ರಿಯಲ್ಲಿ ಟ್ರ್ಯಾಕ್ ತಣ್ಣಗಾಗುತ್ತದೆ, ಟೈರಿನ ಒತ್ತಡ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ಲೆಕ್ಕ ಇಟ್ಟುಕೊಂಡು ಮುಂದಿನ ನಿಲುಗಡೆಗೆ ಏರಿಸಿ. ಒಂದೇ ರೇಸಿನಲ್ಲಿ ಬೇರೆ ಬೇರೆ ವರ್ಗದ ಕಾರುಗಳಿದ್ದು, ವೇಗದ ವರ್ಗದವು ಹಿಂದಿನಿಂದ ಬಂದಾಗ ನೀವು ಓಡುತ್ತಿರುವ ದಾರಿಯ ಗೆರೆ ಬದಲಿಸಬೇಡಿ. ದಾರಿ ಬಿಡುವ ಸೌಜನ್ಯಕ್ಕೆ ಹೋಗಿ ಅವರು ಬರುವ ಕಡೆಗೇ ಸರಿದು ಆದ ಅಪಘಾತಗಳು ಬೇಕಾದಷ್ಟು.

ಪೆಟ್ಟು ಬಿದ್ದರೆ? ಒಂದೇ ಒಂದು ರೇಸಾದರೆ ಬೇಸರ ಬಂದು ಕಂಪ್ಯೂಟರ್ ಆಫ್ ಮಾಡಿ ಏಳಬಹುದು. ಚಾಂಪಿಯನ್‌ಶಿಪ್‌ನಲ್ಲಿ ಹಾಗಾಗದು. ಅನೇಕ ಸರಣಿಗಳಲ್ಲಿ ಗೆದ್ದವರ ಲ್ಯಾಪುಗಳಲ್ಲಿ ಇಂತಿಷ್ಟು ಭಾಗ ಮುಗಿಸಿದರೆ ಅಂಕ ಸಿಗುತ್ತದೆ, ಆದ್ದರಿಂದ ರಿಪೇರಿಗೆ ಅರ್ಧ ಗಂಟೆ ಹೋದರೂ ಹೊರಟುಬಿಡಿ. ಆದರೆ ಐಚ್ಛಿಕ ರಿಪೇರಿಯನ್ನು, ಅಂದರೆ ಮಾಡದೆಯೂ ಹೊರಡಬಹುದಾದ ರಿಪೇರಿಯನ್ನು, ಪೂರ್ತಿ ಮುಗಿಸುವ ಮೊದಲು ಲೆಕ್ಕ ಹಾಕಿ. ಐದು ನಿಮಿಷದ ರಿಪೇರಿ ಲ್ಯಾಪಿಗೆ ಒಂದು ಸೆಕೆಂಡು ಉಳಿಸಿದರೆ ಅದು ಗಿಟ್ಟುವುದು 300 ಲ್ಯಾಪಿನ ನಂತರ. ರೇಸಿನ ಕೊನೆಯ ಐದು ಗಂಟೆಯಲ್ಲಾದರೆ ಗಿಟ್ಟುವುದೇ ಇಲ್ಲ.

ಕೊನೆಯ ಗಂಟೆಯಲ್ಲಿ ಲೆಕ್ಕ ಹಾಕುವವನು ಕಾರಿನೊಳಗಿರಬಾರದು. ವೇಳೆ ಮುಗಿಯಲು ಐದು ಸೆಕೆಂಡಿರುವಾಗ ಮುಂದಾಳು ಮುಕ್ತಾಯದ ಗೆರೆ ದಾಟಿದರೆ ಇನ್ನೊಂದು ಲ್ಯಾಪು, ವೇಳೆ ಮುಗಿದು ಐದು ಸೆಕೆಂಡು ತಡವಾಗಿ ದಾಟಿದರೆ ಅಲ್ಲಿಗೇ ರೇಸ್ ಮುಗಿಸುವ ಬಾವುಟ. ನಿರ್ಧರಿಸುವುದು ನಿಮ್ಮ ಕಾರಲ್ಲ, ಒಟ್ಟಾರೆ ಮುಂದಿರುವ ಕಾರು. ಹಾಗಾಗಿ ಎಂಜಿನಿಯರ್ ಆಗಿ ಕೂತವನು ಮುಂದಾಳಿನ ಲ್ಯಾಪ್ ವೇಳೆಯನ್ನೇ ನೋಡುತ್ತಿರಬೇಕು. ಅನುಮಾನವಿದ್ದರೆ ಕೊನೆಯ ನಿಲುಗಡೆಯಲ್ಲಿ ಇನ್ನೊಂದು ಲ್ಯಾಪಿಗೆ 3.1 ಲೀಟರ್ ಹೆಚ್ಚು ಹಾಕಿಸಿ. ಅದಕ್ಕೆ ತಗಲುವುದು ಒಂದೆರಡು ಸೆಕೆಂಡು. ನಮಸ್ಕಾರ.