ಕೊಲೆಗಾರನ ಹೆಸರು ಮೂರನೆಯ ಪುಟದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಿಯುಸಿ ಓದುತ್ತಿದ್ದಾಗ ದಾವಣಗೆರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಬೀದಿಯ ತಿರುವಿನಲ್ಲಿ ಕಾದಂಬರಿಗಳನ್ನು ದಿನದ ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದಿತ್ತು. ದಿನಕ್ಕೆ ಇಪ್ಪತ್ತೈದು ಪೈಸೆ. ಒಂದು ಶನಿವಾರ ಸಂಜೆ ಅಲ್ಲಿಂದ ಪತ್ತೇದಾರಿ ಕಾದಂಬರಿಯೊಂದನ್ನು ತಂದೆ. ರಟ್ಟು ಹರಿದಿತ್ತು, ಬೆನ್ನಿಗೆ ಕಂದು ಕಾಗದ ಅಂಟಿಸಿದ್ದರು, ಪುಟಗಳ ಅಂಚಿನಲ್ಲಿ ಯಾರೋ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಓದಿದ ಅರಿಸಿನದ ಬೆರಳಿನ ಗುರುತು. ಊಟ ಮುಗಿಸಿ, ದೀಪದ ಕೆಳಗೆ ಚಾಪೆ ಎಳೆದುಕೊಂಡು ಕೂತು ಮೂರನೆಯ ಪುಟ ತೆರೆದರೆ, ಅಲ್ಲಿ ಒಂದು ಹೆಸರಿನ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು, ಪಕ್ಕದಲ್ಲಿ ‘ಕೊಲೆಗಾರ ಇವನೇ’ ಎಂದು ಬರೆದಿತ್ತು.

ಕಥೆಯಲ್ಲಿ ಆಗಿನ್ನೂ ಕೊಲೆಯೇ ನಡೆದಿರಲಿಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಮಾರನೆಯ ದಿನ ಭಾನುವಾರ, ಅಂಗಡಿ ತೆರೆಯುವುದಿಲ್ಲ; ಮನೆಯಲ್ಲಿ ಬೇರೆ ಪುಸ್ತಕವಿಲ್ಲ. ಗೊಣಗಿಕೊಂಡೇ ಓದಲು ಹಿಡಿದೆ. ಹಾಗೆ ಹಿಡಿದದ್ದನ್ನು ಹತ್ತಿಗಿರಣಿಯ ರಾತ್ರಿ ಪಾಳಿಯ ಸೈರನ್ ಕೂಗಿದಾಗಲೂ ಕೆಳಗಿಡಲಿಲ್ಲ. ದೀಪ ಆರಿಸೆಂದು ಚಿಕ್ಕಮ್ಮ ಎರಡು ಸಲ ಹೇಳಿದ್ದು ಕಿವಿಗೆ ಬಿತ್ತು, ಏಳಲಾಗಲಿಲ್ಲ. ಪೆನ್ಸಿಲ್ ಗುರುತಿನ ಆ ಮನುಷ್ಯ ತಾನು ಕೊಲ್ಲಲಿರುವವನ ಲೋಟಕ್ಕೆ ಕಾಫಿ ಬಗ್ಗಿಸುತ್ತಾನೆ, ‘ಸಕ್ಕರೆ ಸಾಕೇ?’ ಎಂದು ಕೇಳುತ್ತಾನೆ. ಆ ಕೋಣೆಯಲ್ಲಿರುವ ಯಾರಿಗೂ ಏನೂ ತಿಳಿಯದು. ನನಗೆ ತಿಳಿದಿದೆ. ಸಕ್ಕರೆಯ ಆ ಮಾತಿಗೆ ಬೆನ್ನು ಜುಮ್ಮೆಂದಿತು.

ಈಗ ನಾವು ಥ್ರಿಲ್ಲರ್ ಎಂದು ಕರೆಯುವ ಕಾದಂಬರಿಗಳನ್ನು ಅಂದಿನಿಂದ ಇಂದಿನವರೆಗೆ ಬಿಡದೆ ಓದುತ್ತ ಬಂದಿದ್ದೇನೆ. ಇವುಗಳ ಜೀವವೆಲ್ಲ ಗುಟ್ಟಿನಲ್ಲಿದೆ, ಗುಟ್ಟು ಬಯಲಾದರೆ ಪುಸ್ತಕ ರದ್ದಿಗೆ ಸಮ ಎನ್ನುವವರೇ ಬಹಳ. ನಾನು ಒಪ್ಪುವುದಿಲ್ಲ. ಮುಂದೇನಾಯಿತು ಎನ್ನುವುದು ಕುತೂಹಲ, ಅದು ಒಂದು ಸಲಕ್ಕೆ ತೀರುತ್ತದೆ. ಇವನಿಗೆ ಏನಾಗಿಬಿಡುತ್ತದೋ ಎನ್ನುವ ಆತಂಕ ಬೇರೆ. ಅದು ತಿಳಿದವರನ್ನೇ ಹೆಚ್ಚು ಕಾಡುತ್ತದೆ.

ಇದಕ್ಕೆ ನಾನು ದೂರದ ಸಾಕ್ಷಿ ಕೊಡಬೇಕಾಗಿಲ್ಲ. ನಾನೀಗ ಇರುವುದು ಚಿತ್ರದುರ್ಗದಲ್ಲಿ. ಈ ಊರಿನಲ್ಲಿ ಓಬವ್ವನ ಕಥೆ ತಿಳಿಯದ ಮಗುವಿಲ್ಲ. ಹೈದರಾಲಿಯ ಸೈನ್ಯ ಕೋಟೆಯನ್ನು ಸುತ್ತಿದೆ. ಕಾವಲಿನ ಕಹಳೆ ಮುದ್ದ ಹನುಮ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಊಟಕ್ಕೆ ನೀರಿಲ್ಲವೆಂದು ಓಬವ್ವ ಕೊಡ ಹಿಡಿದು ತಣ್ಣೀರು ದೋಣಿಯ ಕಡೆಗೆ ಹೋಗುತ್ತಾಳೆ. ಬಂಡೆಯ ಸಂದಿನಿಂದ ಪಿಸುಮಾತು ಕೇಳಿಸುತ್ತದೆ. ಗಂಡನ ಊಟ ಕೆಡಿಸಲು ಮನಸ್ಸಾಗದೆ ಒನಕೆ ಹಿಡಿದು ಕಿಂಡಿಯ ಬಾಯಿಗೆ ಬಂದು ನಿಲ್ಲುತ್ತಾಳೆ.

ಈ ಕಥೆಯನ್ನು ನನ್ನ ಮೊಮ್ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೊನೆ ಅವಳಿಗೆ ಬಾಯಿಪಾಠ. ಆದರೂ ಮೊದಲ ಸೈನಿಕನ ತಲೆ ಕಿಂಡಿಯಿಂದ ಹೊರಬರುವ ಹೊತ್ತಿಗೆ ಅವಳ ಕೈ ನನ್ನ ಸೆರಗನ್ನು ಹಿಡಿದಿರುತ್ತದೆ. ‘ನಿಧಾನವಾಗಿ ಹೇಳು ಅಜ್ಜಿ’ ಎನ್ನುತ್ತಾಳೆ. ಬಿದ್ದವನ ದೇಹವನ್ನು ಓಬವ್ವ ಪಕ್ಕಕ್ಕೆ ಎಳೆದು ಹಾಕುವ ಭಾಗವನ್ನು ನಾನು ಎಂದೂ ಬಿಡುವುದಿಲ್ಲ. ಹಿಂದೆ ತೆವಳಿ ಬರುತ್ತಿರುವವನಿಗೆ ಅನುಮಾನ ಬರಬಾರದು. ಒನಕೆಯ ಏಟಿಗಿಂತ ಆ ಎಳೆದು ಹಾಕುವ ಕೆಲಸದಲ್ಲೇ ಕೇಳುವವರ ಉಸಿರು ಸಿಕ್ಕಿಕೊಳ್ಳುತ್ತದೆ. ಇಕ್ಕಟ್ಟಾದ ಜಾಗ, ಒಬ್ಬೊಬ್ಬರಾಗಿಯೇ ಬರಬೇಕಾದ ಶತ್ರು, ಅತ್ತ ಊಟಕ್ಕೆ ಕೂತ ಗಂಡ: ಥ್ರಿಲ್ಲರ್ ಬರೆಯ ಹೊರಟವರು ಒಮ್ಮೆ ಆ ಕಿಂಡಿಯ ಮುಂದೆ ಬಂದು ನಿಂತು ನೋಡಬೇಕು. ಎಷ್ಟು ಕಡಿಮೆ ಸಾಮಗ್ರಿ ಸಾಕು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಯಾರೂ ಥ್ರಿಲ್ಲರ್ ಎನ್ನುವುದಿಲ್ಲ. 1982ರಲ್ಲಿ ಪ್ರಕಟವಾದ, ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಐತಿಹಾಸಿಕ ಕಾದಂಬರಿ ಅದು. ಆದರೆ ಅದರ ಹೆಸರನ್ನೇ ನೋಡಿ. ದುರ್ಗ ಮುಳುಗುತ್ತದೆ ಎಂದು ಲೇಖಕರು ರಟ್ಟಿನ ಮೇಲೆಯೇ ಹೇಳಿಬಿಟ್ಟಿದ್ದಾರೆ. 1779ರಲ್ಲಿ ಕೋಟೆ ಬಿದ್ದದ್ದು ನಮಗೆ ಶಾಲೆಯಲ್ಲೇ ತಿಳಿದ ಸಂಗತಿ. ಆದರೂ ಆ ದಪ್ಪ ಪುಸ್ತಕದ ಕೊನೆಯ ಭಾಗವನ್ನು ನಾನು ಮೂರು ಸಲ ಓದಿದ್ದೇನೆ, ಮೂರು ಸಲವೂ ಈ ಬಾರಿ ಮದಕರಿ ಉಳಿದುಕೊಳ್ಳಲಿ ಎಂದು ಮನಸ್ಸು ಬೇಡಿಕೊಂಡಿದೆ. ಪುಟಕ್ಕೊಂದು ತಿರುವು ಕೊಟ್ಟು, ಎರಡನೆಯ ಓದಿಗೆ ಒಣಗಿದ ಕಬ್ಬಿನ ಸಿಪ್ಪೆಯಂತಾಗುವ ಕಾದಂಬರಿಗಳಿಗೆ ಈ ಶಕ್ತಿ ಇರುವುದಿಲ್ಲ.

ಇನ್ನು ನನ್ನ ವೃತ್ತಿಯ ಕಡೆಯಿಂದ ಒಂದು ಮಾತು. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಸಾಕ್ಷಿಗಳ ಹೇಳಿಕೆಗಳನ್ನು, ಪಾಟೀಸವಾಲುಗಳನ್ನು ಟೈಪ್ ಮಾಡುತ್ತಲೇ ನನ್ನ ಹಗಲುಗಳು ಕಳೆದಿವೆ. ರಾತ್ರಿ ಕಾದಂಬರಿ ತೆರೆದರೆ ಅಲ್ಲಿಯೂ ಅಪರಾಧ. ಬೇಸರವಾಗುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಬೇಸರವಾಗುತ್ತಿರಲಿಲ್ಲ, ಒಂದು ವಿಷಯದಲ್ಲಿ ಮಾತ್ರ ಸಂಕಟವಾಗುತ್ತಿತ್ತು. ಅದು ಕೊನೆಯ ಅಧ್ಯಾಯ.

ಕೊನೆಯ ಅಧ್ಯಾಯದಲ್ಲಿ ಇನ್ಸ್‌ಪೆಕ್ಟರ್ ಎಲ್ಲರನ್ನೂ ಹಜಾರದಲ್ಲಿ ಕೂರಿಸುತ್ತಾರೆ. ಪತ್ತೇದಾರ ಬೆರಳು ತೋರಿಸುತ್ತಾನೆ. ಅಪರಾಧಿ ಕುಸಿದು ಕುಳಿತು ‘ಹೌದು, ನಾನೇ ಕೊಂದೆ’ ಎಂದು ಹತ್ತು ಪುಟ ಮಾತನಾಡುತ್ತಾನೆ. ಪುಸ್ತಕ ಮುಗಿಯಿತು. ಆದರೆ ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿಕೊಂಡ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿ ಅದು 23ನೆಯ ಕಲಮಿನಲ್ಲಿದೆ. ಹೊಡೆದು ಬಡಿದು ಒಪ್ಪಿಸಬಾರದು ಎಂಬ ಎಚ್ಚರ ಅದರ ಹಿಂದಿದೆ. ಹತ್ತು ಪುಟದ ಆ ಮಾತನ್ನು ಬೆಳಿಗ್ಗೆ ವಕೀಲರು ಒಂದೇ ವಾಕ್ಯದಲ್ಲಿ ತೆಗೆದುಹಾಕುತ್ತಾರೆ.

ಒಂದು ವಿನಾಯಿತಿ ಉಂಟು. ಕತ್ತಿಯನ್ನು ಸಂತೆ ಹೊಂಡಕ್ಕೆ ಎಸೆದಿದ್ದೇನೆ ಎಂದು ಬಂಧನದಲ್ಲಿರುವ ಆರೋಪಿ ಹೇಳಿ, ಆ ಮಾತಿನಂತೆ ಹೊಂಡದಲ್ಲಿ ಕತ್ತಿ ಸಿಕ್ಕಿದರೆ, ಸಿಕ್ಕಿದ್ದಕ್ಕೆ ನೇರವಾಗಿ ಸಂಬಂಧಿಸಿದ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. ಉಳಿದದ್ದು ನಿಲ್ಲುವುದಿಲ್ಲ. ಈಗ ಇದನ್ನೇ ಒಬ್ಬ ಕಾದಂಬರಿಕಾರನ ಕಣ್ಣಿನಿಂದ ನೋಡಿ. ಹೊಂಡದ ದಂಡೆಯಲ್ಲಿ ಜನ ನೆರೆದಿದ್ದಾರೆ. ಮಹಜರಿಗೆ ಸಾಕ್ಷಿಗಳಾಗಿ ಪಂಚರನ್ನು ಕರೆದು ನಿಲ್ಲಿಸಿದ್ದಾರೆ. ಈಜು ಬಲ್ಲವನೊಬ್ಬ ಮುಳುಗಿ ಏಳುತ್ತಾನೆ, ಕೈಯಲ್ಲಿ ಕೆಸರು, ಮತ್ತೆ ಮುಳುಗುತ್ತಾನೆ. ಕೊನೆಗೆ ಕತ್ತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ವರ್ಷಗಳು ಕಳೆದು ವಿಚಾರಣೆ ಬಂದಾಗ ಅದೇ ಪಂಚ ಕಟಕಟೆಯಲ್ಲಿ ನಿಂತು, ‘ನನಗೇನೂ ಗೊತ್ತಿಲ್ಲ ಸ್ವಾಮಿ, ಸಹಿ ಹಾಕು ಎಂದರು, ಹಾಕಿದೆ’ ಎನ್ನಬಹುದು. ಎದುರಿಗೆ ಸತ್ತವನ ತಾಯಿ ಕೂತಿರುತ್ತಾಳೆ. ಅವನು ಏನು ಹೇಳುತ್ತಾನೋ ಎಂದು ಕಾಯುವ ಆ ಅರೆ ನಿಮಿಷದಲ್ಲಿರುವ ಬಿಗಿ ನಾನು ಓದಿದ ಯಾವ ಕಾರಿನ ಬೆನ್ನಟ್ಟುವಿಕೆಯಲ್ಲೂ ಇಲ್ಲ. ನಮ್ಮ ಲೇಖಕರು ಈ ಬಾವಿಗೆ ಹಗ್ಗ ಇಳಿಸುವುದೇ ಕಡಿಮೆ ಎಂಬುದು ನನ್ನ ಬಹುದಿನದ ಕೊರಗು.

ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹಳ ಹಿಂದೆಯೇ ಮಾಡಿದವರಿದ್ದಾರೆ. ವಿಲ್ಕಿ ಕಾಲಿನ್ಸ್ ಕಾನೂನು ಓದಿ 1851ರಲ್ಲಿ ವಕೀಲನಾಗುವ ಅರ್ಹತೆ ಪಡೆದವನು. ವಕೀಲಿ ಮಾಡಲಿಲ್ಲ, ಕಾದಂಬರಿ ಬರೆದ. 1859ರಿಂದ 1860ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ದಿ ವುಮನ್ ಇನ್ ವೈಟ್’ ಆರಂಭದಲ್ಲೇ ಒಂದು ಕರಾರು ಹಾಕುತ್ತದೆ: ನ್ಯಾಯಾಲಯದಲ್ಲಿ ಒಬ್ಬರ ಬಳಿಕ ಒಬ್ಬರು ಸಾಕ್ಷಿ ನುಡಿಯುವ ಹಾಗೆ ಈ ಕಥೆಯನ್ನು ಬೇರೆ ಬೇರೆಯವರು ಹೇಳುತ್ತಾರೆ ಎಂದು. ಮೊದಲ ಸಲ ಅದನ್ನು ಓದಿದಾಗ ನನ್ನ ಟೈಪ್‌ರೈಟರಿನ ಮುಂದೆಯೇ ಕೂತಂತಾಯಿತು. ಒಬ್ಬ ಸಾಕ್ಷಿಗೆ ಕಂಡದ್ದು ಇನ್ನೊಬ್ಬನಿಗೆ ಕಂಡಿಲ್ಲ. ಯಾರೂ ಸುಳ್ಳು ಹೇಳದಿದ್ದರೂ ಸತ್ಯ ಕೈಗೆ ಸಿಗುವುದಿಲ್ಲ. ನಾನು ದಿನವೂ ಕಂಡದ್ದು ಅದನ್ನೇ.

ಓದುಗರಿಗೆ ಲೇಖಕ ಮೋಸ ಮಾಡಬಾರದು ಎಂಬ ಮಾತೂ ಇಲ್ಲಿಗೇ ಬರುತ್ತದೆ. ಪತ್ತೇದಾರ ಕಂಡ ಸುಳಿವು ನಮಗೂ ಕಾಣಬೇಕು. ‘ಅವನು ಕಾಗದವನ್ನು ಓದಿ ಬೆಚ್ಚಿದ’ ಎಂದು ಬರೆದು, ಕಾಗದದಲ್ಲಿ ಏನಿತ್ತೆಂದು ನೂರು ಪುಟ ಮುಚ್ಚಿಡುವುದು ನನಗೆ ಸಹಿಸಲಾಗದ ಹಳೆಯ ಚಾಳಿ. ಹಾಗೆಯೇ ನಾಲಿಗೆಗೆ ತಗುಲಿದೊಡನೆ ಕೊಲ್ಲುವ, ಯಾವ ಪರೀಕ್ಷೆಗೂ ಸಿಗದ, ಹೆಸರೇ ಇಲ್ಲದ ವಿಷ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯ ವಿಷ ಸ್ಟ್ರಿಕ್ನಿನ್. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯ ಮೇಲೆಯೇ ಇಡೀ ಕಥೆ ನಿಂತಿದೆ. ತಿಳಿದು ಬರೆದವರ ಪುಟದಲ್ಲಿ ಭಯಕ್ಕೆ ತೂಕವಿರುತ್ತದೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರನ್ನು ನೆನೆಯದೆ ಈ ಮಾತು ಮುಂದುವರಿಯುವುದು ನ್ಯಾಯವಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಅಕ್ಷರ ಕೂಡಿಸಲು ಕಲಿತವರು ನಮ್ಮ ಮನೆತನದಲ್ಲೇ ಇದ್ದರು. ನಮ್ಮ ಸೋದರಮಾವ ಶಾಲೆಯ ಪುಸ್ತಕ ಮುಟ್ಟದವರು, ಎತ್ತಿಗೆ ನೀರು ಕುಡಿಸುವಾಗಲೂ ಕಂಕುಳಲ್ಲಿ ಆ ಪುಟ್ಟ ಪುಸ್ತಕ ಇಟ್ಟುಕೊಂಡಿರುತ್ತಿದ್ದರು. ವಿಮರ್ಶಕರು ಇಂಥ ಪುಸ್ತಕಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಓದುವ ರೂಢಿ ಎಲ್ಲಿಂದ ಬಂತು ಎಂದು ಲೆಕ್ಕ ಹಾಕುವಾಗಲಾದರೂ ಹಿಡಿಯಬೇಕಿತ್ತು.

ಪೂರ್ಣಚಂದ್ರ ತೇಜಸ್ವಿಯವರು ಈ ಜಾತಿಯ ಕಥೆಯನ್ನು ಬೇರೊಂದು ಎತ್ತರಕ್ಕೆ ಒಯ್ದರು. 1987ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬ ಏಲಕ್ಕಿಯ ಇಳುವರಿ ಕುಸಿದದ್ದೇಕೆ ಎಂದು ಹುಡುಕಿಕೊಂಡು ಬರುತ್ತಾನೆ. ಹುಡುಕಿದಷ್ಟೂ ಊರೇ ನಿಗೂಢವಾಗುತ್ತದೆ. ಜಾತಿ, ಕಾಡು, ಪ್ರೀತಿ, ವ್ಯಾಪಾರ ಎಲ್ಲವೂ ಸಂಶಯದೊಳಗೆ ಬಂದು ಸೇರುತ್ತವೆ. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಸಾಮಾನ್ಯ ಗಂಡ ಹೆಂಡತಿ. ಅವರನ್ನು ನನ್ನ ಅಕ್ಕಪಕ್ಕದ ಮನೆಯವರಂತೆ ಬಲ್ಲೆ, ಆದ್ದರಿಂದಲೇ ಅವರು ರೈಲು ಹತ್ತಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮುಂದಿನದನ್ನು ಹೇಳುವುದಿಲ್ಲ, ಓದದವರು ಓದಲಿ.

ಇತ್ತೀಚಿನವುಗಳಲ್ಲಿ ಮೊಬೈಲ್ ಟವರ್, ಸಿಸಿಟಿವಿ ಬಂದಮೇಲೆ ಲೇಖಕರಿಗೆ ಕಷ್ಟವಾಗಿದೆ ಎನ್ನುತ್ತಾರೆ. ಅದು ದೊಡ್ಡ ಮಾತಲ್ಲ. ನನ್ನ ತಕರಾರು ಬೇರೆ. ಮೊದಲ ಪುಟದಲ್ಲಿ ಒಬ್ಬ ಹುಡುಗಿ ಹೆಣವಾಗಿ ಸಿಗುತ್ತಾಳೆ. ಮುನ್ನೂರು ಪುಟ ಓದಿದರೂ ಅವಳಿಗೆ ಯಾವ ತಿಂಡಿ ಇಷ್ಟವಿತ್ತು, ಅವಳು ಯಾರ ಹತ್ತಿರ ನಗುತ್ತಿದ್ದಳು ಎಂಬ ಒಂದು ಸಾಲು ಇರುವುದಿಲ್ಲ. ಕೊಂದವನ ಬಾಲ್ಯಕ್ಕೆ ಮಾತ್ರ ಎರಡು ಅಧ್ಯಾಯ. ನಾನು ಮರಣೋತ್ತರ ವರದಿಗಳ ಪ್ರತಿಗಳನ್ನು ಟೈಪ್ ಮಾಡಿದವಳು. ಅವುಗಳಲ್ಲಿ ಸಹ ಉಟ್ಟಿದ್ದ ಸೀರೆಯ ಬಣ್ಣ, ಕೈಯಲ್ಲಿದ್ದ ಬಳೆಗಳ ಲೆಕ್ಕ ಬರೆದಿರುತ್ತಾರೆ. ಕಾದಂಬರಿ ಅಷ್ಟನ್ನಾದರೂ ಕೊಡಬೇಡವೇ?

ದಾವಣಗೆರೆಯ ಆ ರಾತ್ರಿಗೆ ಮತ್ತೆ ಬರುತ್ತೇನೆ. ಪೆನ್ಸಿಲಿನ ಮಾತು ನಿಜವಾಗಿತ್ತು, ಕೊಲೆಗಾರ ಅವನೇ. ಆದರೆ ಭಾನುವಾರ ಮಧ್ಯಾಹ್ನ ಪುಸ್ತಕವನ್ನು ಇನ್ನೊಮ್ಮೆ ತಿರುವುವಾಗ, ಆತುರದಲ್ಲಿ ನಾನು ಗಮನಿಸದಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಲ್ಲಲ್ಲಿ ಕೆಲವು ಸಾಲುಗಳ ಕೆಳಗೆ ಅದೇ ಪೆನ್ಸಿಲಿನ ತೆಳುವಾದ ಗೆರೆಗಳಿದ್ದವು. ಒಂದು ಗೆರೆ ‘ಸಕ್ಕರೆ ಸಾಕೇ?’ ಎಂಬ ಮಾತಿನ ಕೆಳಗೆ. ಇನ್ನೊಂದು, ಮನೆಯ ನಾಯಿ ಆ ದಿನ ಬೆಳಿಗ್ಗೆ ಅಡುಗೆಮನೆಯ ಹತ್ತಿರ ಸುಳಿಯಲಿಲ್ಲ ಎಂಬ ಸಾಲಿಗೆ. ಲೇಖಕ ಪ್ರಾಮಾಣಿಕವಾಗಿ ಕೊಟ್ಟಿದ್ದ ಸುಳಿವುಗಳನ್ನು ಯಾರೋ ಎರಡನೆಯ ಸಲ ಓದುತ್ತ, ಒಂದೊಂದಾಗಿ ಹುಡುಕಿ ಗುರುತು ಹಾಕಿದ್ದರು. ಯಾರೆಂದು ನನಗೆ ತಿಳಿಯಲಿಲ್ಲ, ಆದರೆ ಓದುವುದು ಹೇಗೆಂದು ನನಗೆ ಕಲಿಸಿದ್ದು ಅವರೇ.

ಸೋಮವಾರ ಪುಸ್ತಕ ಹಿಂದಿರುಗಿಸುವ ಮೊದಲು ರಬ್ಬರ್ ತೆಗೆದುಕೊಂಡು ಮೂರನೆಯ ಪುಟದ ಗೆರೆಯನ್ನೂ ಬರಹವನ್ನೂ ಅಳಿಸಿದೆ. ಒಳಗಿನ ಗೆರೆಗಳನ್ನು ಹಾಗೆಯೇ ಬಿಟ್ಟೆ.

ನಮಸ್ಕಾರ.